ಔಟ್ ಕೊಟ್ಟ ಮೇದಪ್ಪಣ್ಣ

"ತೀರ್ಪುಗಾರನ ಮೇಲೆ ಯಾರಾದ್ರೂ ಸಿನಿಮಾ ಮಾಡ್ತಾರಾ ಟೀಚರ್?" ಎಂದು ನಮ್ಮ ಹೆಡ್‌ಮಾಸ್ತರರು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ಕಬಡ್ಡಿ ಎಂದರೆ ರೈಡರ್, ರೈಡರ್ ಎಂದರೆ ದಿಶಾಂತ್. ನಮ್ಮದೇ ಶಾಲೆಯ ಹಳೆ ವಿದ್ಯಾರ್ಥಿ, ಕಡಬ ಪೇಟೆಯ ಫ್ಲೆಕ್ಸಿನಲ್ಲಿ ತೊಡೆ ತಟ್ಟಿಕೊಂಡು ನಿಂತವನು. ಅವನನ್ನು ಬಿಟ್ಟು, ಪಂಜದ ಆಚೆ ರಬ್ಬರ್ ಮರದ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ಮಾಡಿಕೊಂಡು, ರಜೆಯ ದಿನ ಬಿಳಿ ಅಂಗಿ ಹಾಕಿ ಮೈದಾನದ ನಡುವೆ ನಿಂತು ಬೈಗುಳ ತಿನ್ನುವ ಐವತ್ತೆಂಟರ ಮೇದಪ್ಪಣ್ಣನ ಹಿಂದೆ ಕ್ಯಾಮೆರಾ ಹಿಡಿದು ಹೋಗುತ್ತೇವೆ ಎಂದರೆ ಅವರಿಗೆ ತಲೆಬಿಸಿ ಆಗದೆ ಇರುತ್ತದೆಯೇ?

ಈ ಕೆಲಸ ನನ್ನ ಕುತ್ತಿಗೆಗೆ ಬಿದ್ದದ್ದು ನನ್ನ ಬಾಯಿಯಿಂದಲೇ. ಮಕ್ಕಳು ಮೊಬೈಲಿನಲ್ಲಿ ಕಬಡ್ಡಿ ಎಂದು ನೋಡುವುದೆಲ್ಲ ಹೊಡೆದಾಟದ ತುಣುಕು, ಆಟ ಯಾರೂ ನೋಡುವುದಿಲ್ಲ ಎಂದು ಸ್ಟಾಫ್ ಮೀಟಿಂಗಿನಲ್ಲಿ ನಾನು ಸಿಡಿದಿದ್ದೆ. ಹಾಗಾದರೆ ಮಕ್ಕಳಿಂದಲೇ ಒಂದು ಒಳ್ಳೆಯ ಸಾಕ್ಷ್ಯಚಿತ್ರ ಮಾಡಿಸಿ, ಅದರ ಜೊತೆಗೊಂದು ವೆಬ್‌ಸೈಟ್ ಮಾಡಿ, ಕನ್ನಡ ಟೀಚರೇ ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು. ನನಗೆ ಕೋಪ ಬೇಗ ಬರುತ್ತದೆ. ಬಂದಾಗೆಲ್ಲ ಒಂದು ಹೊಸ ಕೆಲಸ ತಂದುಕೊಡುತ್ತದೆ.

ಒಂಬತ್ತನೆಯ ತರಗತಿಯ ಹುಡುಗಿ ಯಶಸ್ವಿ ಚಿತ್ರಕ್ಕೆ ಕಥೆ ಬರೆಯುವುದು, ಅವಳ ಸಹಪಾಠಿ ಮಿದ್ಲಾಜ್ ಕ್ಯಾಮೆರಾ ಮತ್ತು ಕಂಪ್ಯೂಟರ್ ನೋಡಿಕೊಳ್ಳುವುದು ಎಂದಾಯಿತು. ಬೋರ್ಡಿನ ಮೇಲೆ ಯೋಜನೆ ಹಾಕಿದೆವು. ನೋಡುವವರು ಹತ್ತರಿಂದ ಹದಿನಾಲ್ಕರ ಮಕ್ಕಳು. ಚಿತ್ರ ಹನ್ನೆರಡು ನಿಮಿಷ ಎಂದು ನಾನು ಬರೆದರೆ, ಮೂರು ನಿಮಿಷದ ಮೇಲೆ ಯಾರೂ ನೋಡುದಿಲ್ಲ ಟೀಚರ್ ಎಂದು ಮಿದ್ಲಾಜ್ ನಾಲ್ಕು ತುಂಡು ಮಾಡಿದ. ನೆಟ್‌ವರ್ಕ್ ಸಿಗದ ಕಡೆಯೂ ತೆರೆಯುವ ಹಾಗೆ ವೆಬ್‌ಸೈಟ್ ಹಗುರ ಇರಬೇಕು. ನಿಯಮಗಳನ್ನು ಚಿತ್ರ ಬಿಡಿಸಿ ಹೇಳಬೇಕು. ಎಲ್ಲಕ್ಕಿಂತ ದೊಡ್ಡ ಉಪಾಯ ಯಶಸ್ವಿಯದು. ಒಂದು ರೈಡ್ ತೋರಿಸಿ ಅರ್ಧಕ್ಕೆ ನಿಲ್ಲಿಸುವುದು, ಔಟಾ ನಾಟ್ ಔಟಾ ಎಂದು ಮಕ್ಕಳೇ ಗುಂಡಿ ಒತ್ತುವುದು, ಆಮೇಲೆ ಸರಿಯುತ್ತರ ಬರುವುದು. ಅದಕ್ಕೆ 'ತೀರ್ಪು ನೀವೇ ಕೊಡಿ' ಎಂದು ಹೆಸರಿಟ್ಟಳು. ತೀರ್ಪು ಎಂದ ಮೇಲೆ ತೀರ್ಪುಗಾರ ಬೇಡವೇ? ಹಾಗೆ ಮೇದಪ್ಪಣ್ಣ ಬಂದರು.

ಅವರ ಮನೆಗೆ ಹೋದಾಗ ಅವರ ಹೆಂಡತಿ ದುಗ್ಗಮ್ಮ ಅಂಗಳದಲ್ಲಿ ರಬ್ಬರ್ ಶೀಟು ಒಣಗಿಸುತ್ತಿದ್ದರು. ಸಿನಿಮಾ ಎಂದ ಕೂಡಲೇ ಅವರಿಗೆ ನಗು.

"ಇವರ ಸಿನಿಮಾವಾ? ಮಳೆಗಾಲದಲ್ಲಿ ತೆಗೀರಿ ಟೀಚರ್. ಆಗ ಪಂದ್ಯಾಟ ಇಲ್ಲ, ಮುಖ ಮೈ ಎಲ್ಲ ಸರಿ ಇರ್ತದೆ."

ಮೇದಪ್ಪಣ್ಣ ಎಡಗಿವಿಯನ್ನು ಆಚೆಗೆ ಮಾಡಿ, ಬಲಗಿವಿಯನ್ನು ನಮ್ಮ ಕಡೆ ತಿರುಗಿಸಿ ಕುಳಿತರು. ಎಡಗಿವಿ ಕೇಳಿಸುವುದಿಲ್ಲ. ಸುಳ್ಯದ ಆಚೆಯ ಒಂದು ಪಂದ್ಯಾಟದಲ್ಲಿ ಸೋತ ತಂಡದ ಮೆನೇಜರ್ ಬಿಟ್ಟ ಏಟಿಗೆ ಕಿವಿಯ ತಮಟೆ ಒಡೆದು ಹೋಗಿತ್ತು. ಬಲಗೈಯ ಕಿರುಬೆರಳು ಮಡಚುವುದಿಲ್ಲ. ಹುಬ್ಬಿನ ಮೇಲೊಂದು ಹೊಲಿಗೆಯ ಗೆರೆ. ಮಿದ್ಲಾಜ್ ಒಂದೊಂದನ್ನೇ ಹತ್ತಿರದಿಂದ ತೆಗೆಯುವಾಗ ಅವರು ಪಂಚಾಯತಿನವರು ರಸ್ತೆ ತೋರಿಸುವ ಹಾಗೆ ವಿವರಿಸುತ್ತ ಹೋದರು. ಇದು ಬೀಡಿ ಕಟ್ಟುವವನೊಬ್ಬನ ಕಲ್ಲು, ಇದು ಒಬ್ಬ ವಕೀಲರ ಕೊಡೆ.

"ಮತ್ತೆ ಯಾಕೆ ಹೋಗುದು ಮಾವ?" ಯಶಸ್ವಿ ಕೇಳಿದಳು.

ಅವರು ಕ್ಯಾಮೆರಾದ ಕಡೆ ತಿರುಗಿ ಕುಳಿತರು. ಆಮೇಲೆ ಅಚ್ಚುತನ ವಿಷಯ ಹೇಳಿದರು.

ಅಚ್ಚುತ ಅವರ ತಂಡದ ರೈಡರ್. ಆಗೆಲ್ಲ ಮ್ಯಾಟ್ ಇಲ್ಲ, ಮಣ್ಣಿನ ಅಂಕಣ, ಬಿದ್ದರೆ ತೊಡೆಯ ಚರ್ಮ ಅಲ್ಲೇ ಉಳಿಯುತ್ತಿತ್ತು. ಮೇದಪ್ಪಣ್ಣ ಕ್ಯಾಚರ್. ಅವರ ಕೈಗೆ ಸಿಕ್ಕಿದ ಪಾದವನ್ನು ಬಿಡಿಸಿಕೊಂಡು ಹೋದವರು ಕಡಿಮೆ. ಒಂದು ಸೆಮಿಫೈನಲಿನಲ್ಲಿ ಅಚ್ಚುತ ಎದುರಾಳಿಗಳ ಕೈಗೆ ಸಿಕ್ಕಿದ. ನಾಲ್ಕು ಜನ ಮೇಲೆ ಬಿದ್ದರು. ಅವನ ತಲೆ ಎದೆಯ ಕೆಳಗೆ ಮಡಚಿಕೊಂಡಿತ್ತು, ಬಾಯಲ್ಲಿ ಇನ್ನೂ ಕಬಡ್ಡಿ ಕಬಡ್ಡಿ ಎಂಬ ಸದ್ದಿತ್ತು. ಸದ್ದು ಇದ್ದರೆ ಆಟ ಉಂಟು ಎಂದು ತೀರ್ಪುಗಾರ ವಿಸಿಲ್ ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದ. ಐದನೆಯವನು ಹಾರಿ ಬಿದ್ದ. ಕತ್ತಿನ ಮೂಳೆ ಮುರಿದ ಸದ್ದು, ಔಟಾಗಿ ಗೆರೆಯ ಹೊರಗೆ ಕುಳಿತಿದ್ದ ಮೇದಪ್ಪಣ್ಣನಿಗೆ ಕೇಳಿಸಿತು. ವಿಸಿಲ್ ಬಂದದ್ದು ಅದಾದ ಮೇಲೆ. ಜೀಪು ಪುತ್ತೂರು ಮುಟ್ಟುವಾಗ ಅಚ್ಚುತನಿಗೆ ಉಸಿರಿರಲಿಲ್ಲ.

"ನಾನು ಜೀಪಿನಲ್ಲಿ ಹೋಗ್ಲಿಲ್ಲ," ಎಂದರು ಮೇದಪ್ಪಣ್ಣ. "ನಾನು ಮೈದಾನದಲ್ಲೇ ಉಳಿದೆ. ಆ ತೀರ್ಪುಗಾರನನ್ನು ಹಿಡಿದು ಹೊಡೆದೆ. ಮುಖಕ್ಕೇ ಹೊಡೆದೆ. ಹಲ್ಲು ಹೋಯ್ತು ಅವನದು. ಬಿದ್ದ ಮೇಲೂ ಹೊಡೆದೆ. ಜನ ನನ್ನನ್ನು ಬಿಡಿಸ್ಲಿಲ್ಲ, ಸುತ್ತ ನಿಂತು ಹಾಕು ಹಾಕು ಅಂತ ಹೇಳಿದ್ರು. ಮಾರನೇ ವರ್ಷ ನಾನು ಆಟ ಬಿಟ್ಟು ವಿಸಿಲ್ ಹಿಡಿದೆ."

"ಇದನ್ನು ಚಿತ್ರದಲ್ಲಿ ಹಾಕಬಹುದಾ ಮೇದಪ್ಪಣ್ಣ?" ಎಂದೆ.

"ಹಾಕ್ಲಿಕ್ಕಲ್ವಾ ಹೇಳಿದ್ದು?"

ವಿಸಿಲ್ ಹಿಡಿದಂದಿನಿಂದ ಅವರದ್ದು ಒಂದೇ ಹಟ. ಕುತ್ತಿಗೆ ಕೆಳಗೆ ಸಿಕ್ಕಿತು ಎಂದು ಕಂಡರೆ ಮೊದಲು ವಿಸಿಲ್. ಬೇಗ ಊದುತ್ತಾರೆ ಎಂದು ಆಟಗಾರರಿಗೆ ಅವರ ಮೇಲೆ ಸಿಟ್ಟು. ಆದರೂ ಕರೆಯುತ್ತಿದ್ದರು, ಯಾಕೆಂದರೆ ದುಡ್ಡಿಗೆ ಬಗ್ಗದ ತೀರ್ಪುಗಾರ ಎಂದು ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಹೆಸರಿತ್ತು. ಆ ಹೆಸರೇ ಅವರ ಆಸ್ತಿ. ಶನಿವಾರ ಫೋನ್ ಬಂದರೆ ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕುತ್ತಿದ್ದರಂತೆ, ದುಗ್ಗಮ್ಮನಿಗೂ ಮುಟ್ಟಲು ಬಿಡದೆ.

ಫೆಬ್ರವರಿಯ ಒಂದು ಭಾನುವಾರ ಕ್ಯಾಮೆರಾ ಪರೀಕ್ಷೆಗೆಂದು ನಾವು ಒಂದು ಪಂದ್ಯಾಟಕ್ಕೆ ಹೋದೆವು. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರು ನನ್ನ ಮೇಲೂ ಬಂದಾರು. ಪಂದ್ಯಾಟ ಸಮಿತಿಯ ಅಧ್ಯಕ್ಷ ಉದಯಣ್ಣ ನಮ್ಮ ಶಾಲೆಯ ಹಳೆ ವಿದ್ಯಾರ್ಥಿ ಸಂಘಕ್ಕೂ ಅಧ್ಯಕ್ಷರು. ವೆಬ್‌ಸೈಟಿನ ಖರ್ಚೆಲ್ಲ ನನ್ನದು ಎಂದು ಮೊದಲೇ ಹೇಳಿದ್ದ ಉದಾರಿ. ಆತಿಥೇಯ ತಂಡದ ರೈಡರ್ ದಿಶಾಂತ್. ಮೇದಪ್ಪಣ್ಣ ಫೈನಲಿನ ತೀರ್ಪುಗಾರರು.

ಐದು ಗಂಟೆಯ ಬಿಸಿಲು. ಪಂದ್ಯ ಮುಗಿಯಲು ಅರ್ಧ ನಿಮಿಷ ಇರುವಾಗ ಆತಿಥೇಯ ತಂಡ ಒಂದು ಅಂಕ ಹಿಂದೆ. ದಿಶಾಂತ್ ರೈಡಿಗೆ ಹೋದ. ಒಬ್ಬನನ್ನು ಮುಟ್ಟಿ ಹಿಂದಕ್ಕೆ ಹಾರಿದ. ಒಬ್ಬ ಕಾಲು ಹಿಡಿದ, ಇನ್ನೊಬ್ಬ ಸೊಂಟ, ಮೂರನೆಯವನು ಬೆನ್ನ ಮೇಲೆ ಬಿದ್ದ. ಎಲ್ಲರೂ ನಡುಗೆರೆಯ ಹತ್ತಿರವೇ ರಾಶಿ ಬಿದ್ದರು. ಗೊತ್ತಿಲ್ಲದವರಿಗೆ ಒಂದು ಮಾತು: ಹಿಡಿದವರ ಕೈಯಲ್ಲಿದ್ದೂ ರೈಡರ್ ಬೆರಳು ಚಾಚಿ ನಡುಗೆರೆ ಮುಟ್ಟಿದರೆ ಅವನು ಪಾರು, ಹಿಡಿದವರೆಲ್ಲ ಔಟ್. ಮುಟ್ಟುವ ಮೊದಲು ವಿಸಿಲ್ ಆದರೆ ಅವನು ಔಟ್. ಇಡೀ ಮೈದಾನ ಆ ಗೆರೆಯನ್ನು ನೋಡುತ್ತಿತ್ತು.

ಮೇದಪ್ಪಣ್ಣನ ವಿಸಿಲ್ ಕೇಳಿತು. ಕೂಡಲೇ ಅವರ ಕೈ ಎತ್ತರಕ್ಕೆ ಹೋಯಿತು. ಔಟ್.

ನಮ್ಮ ಕಡೆಯ ಮೈದಾನಗಳಲ್ಲಿ ವಿಸಿಲ್ ಊದಿದ ತೀರ್ಪುಗಾರ ಯೋಚಿಸಲಿಕ್ಕೆ ನಿಲ್ಲುವ ಹಾಗಿಲ್ಲ. ಗೆರೆಯ ಹತ್ತಿರದ ಅಂಪಾಯರನ್ನು ಕರೆದು ಕೇಳಬಹುದು ಎಂದು ನಿಯಮ ಹೇಳುತ್ತದೆ. ಕೇಳಿದರೆ ಮುಗಿಯಿತು, ಇವನಿಗೆ ಗೊತ್ತಿಲ್ಲ, ಇವನು ಸಂಶಯದವನು, ಇವನು ದುಡ್ಡು ತಿಂದವನು. ಆದ್ದರಿಂದ ನೋಡಿದ್ದೋ ನೋಡದ್ದೋ, ವಿಸಿಲಿನ ಜೊತೆಗೇ ಕೈ ಏಳಬೇಕು. ಕಲಿತವರು ಕಲಿಯದವರು ಎಲ್ಲ ತೀರ್ಪುಗಾರರೂ ಇಲ್ಲಿ ಹಾಗೇ ಬದುಕಿ ಉಳಿದಿದ್ದಾರೆ.

ಮೈಕಿನಲ್ಲಿ ವೀಕ್ಷಕ ವಿವರಣೆ ಹೇಳುತ್ತಿದ್ದವನು "ಇದೆಂತ ತೀರ್ಪು ಬಂಧುಗಳೇ" ಎಂದ. ಅಷ್ಟು ಸಾಕಾಯಿತು. ಹಗ್ಗ ಹಾರಿ ಜನ ಒಳಗೆ ಬಂದರು. ಮೊದಲ ಏಟು ಹಿಂದಿನಿಂದ ತಲೆಗೆ. ಮೇದಪ್ಪಣ್ಣ ಮಂಡಿ ಊರಿದರು. ದಿಶಾಂತ್ ಎದ್ದ, ಕುತ್ತಿಗೆಯನ್ನೊಮ್ಮೆ ಅತ್ತಿತ್ತ ತಿರುಗಿಸಿಕೊಂಡ, ನಾಲ್ಕು ಹೆಜ್ಜೆ ಓಡಿ ಬಂದು ಅವರ ಪಕ್ಕೆಗೆ ಒದ್ದ. ಬಿದ್ದವರ ಮೇಲೆ ಯಾರೋ ಪ್ಲಾಸ್ಟಿಕ್ ಕುರ್ಚಿ ಬೀಸಿದರು, ಅದು ಮುರಿಯಿತು. ಇನ್ನೊಬ್ಬ ಶಾಮಿಯಾನದ ಕಬ್ಬಿಣದ ಪೈಪು ತಂದ. ತಲೆಗೆ ಬೀಳುವುದನ್ನು ತಡೆಯಲು ಅವರು ಬಲಗೈ ಅಡ್ಡ ಹಿಡಿದರು. ಮಣಿಕಟ್ಟು ಮುರಿದು ಅಂಗೈ ಹಿಂದಕ್ಕೆ ನೇತಾಡಿತು. ಬಿಳಿ ಅಂಗಿ ಕಾಲರಿನಿಂದ ಕೆಳಗೆ ಕೆಂಪಾಯಿತು. ಒಬ್ಬ ಮುದುಕ, ನನ್ನ ತಂದೆಯ ವಯಸ್ಸಿನವನು, ಪಂಚೆ ಎತ್ತಿ ಕಟ್ಟಿ, ಸಾಲಿನಲ್ಲಿ ಕಾದು ನಿಂತು, ತನ್ನ ಸರದಿ ಬಂದಾಗ ಮುಖಕ್ಕೆ ತುಳಿದು ಹೋದ. ಅವನನ್ನು ನಾನು ಈಗಲೂ ಪೇಟೆಯಲ್ಲಿ ನೋಡುತ್ತೇನೆ.

ನಾನು ಕಿರುಚುತ್ತಿದ್ದೆ. ಯಶಸ್ವಿ ನನ್ನ ಸೀರೆ ಹಿಡಿದು ಅಳುತ್ತಿದ್ದಳು. ಮಿದ್ಲಾಜ್ ಮಾತ್ರ ಅಲ್ಲಾಡದೆ ನಿಂತಿದ್ದ. ಕ್ಯಾಮೆರಾ ಆಫ್ ಮಾಡಲು ಅವನಿಗೆ ನೆನಪೇ ಆಗಲಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿದರು. ಪಕ್ಕೆಲುಬು ಮುರಿದಿತ್ತು, ಮುಂದಿನ ಹಲ್ಲುಗಳು ಹೋಗಿದ್ದವು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಮೇದಪ್ಪಣ್ಣ, ತೋಟದ ಎತ್ತರದ ಧರೆಯಿಂದ ಜಾರಿ ಬಿದ್ದದ್ದು ಎಂದರು. ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ದುಗ್ಗಮ್ಮ ಕೈ ಒತ್ತಿ ಸುಮ್ಮನಿರಿಸಿದರು. ಕೇಸು ಮಾಡಿದರೆ ಮುಂದೆ ಯಾವ ಸಮಿತಿಯೂ ಕರೆಯುವುದಿಲ್ಲ. ಅದು ಅವರಿಬ್ಬರಿಗೂ ಗೊತ್ತಿತ್ತು.

ಮೂರನೆಯ ದಿನ ಉದಯಣ್ಣ ಶಾಲೆಗೆ ಬಂದರು. ಹೆಡ್‌ಮಾಸ್ತರರ ಕೋಣೆಯಲ್ಲಿ ಕುಳಿತು ಬಹಳ ಬೇಜಾರು ಮಾಡಿಕೊಂಡರು. ಹೊಡೆದಾಟ ಚಿತ್ರದಲ್ಲಿ ಬರಬಾರದು, ವೆಬ್‌ಸೈಟಿನಲ್ಲಂತೂ ಬರಲೇಬಾರದು. ದಿಶಾಂತನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಆಗುವ ಹಾಗೆ ಉಂಟು.

"ಮೇದಪ್ಪಣ್ಣನಿಗೆ ಅನ್ಯಾಯ ಆಗಿದೆ, ನಾನು ಇಲ್ಲ ಹೇಳುದಿಲ್ಲ ಟೀಚರ್. ಅದಕ್ಕೆ ಮುಂದಿನ ಪಂದ್ಯಾಟದಲ್ಲಿ ಸ್ಟೇಜಿನಲ್ಲಿ ಒಂದು ಸನ್ಮಾನ ಮಾಡುವ. ಶಾಲು, ಹಾರ, ಫಲವಸ್ತು, ಸ್ಮರಣಿಕೆ. ದಿಶಾಂತನ ಕೈಯಲ್ಲೇ ಶಾಲು ಹಾಕಿಸುವ. ಅಲ್ಲಿಗೆ ಮುಗೀತು."

ಇದು ತಮಾಷೆಗೆ ಹೇಳಿದ್ದಲ್ಲ. ನಮ್ಮ ಜಿಲ್ಲೆಯಲ್ಲಿ ಶಾಲು ಹೊದಿಸಿದರೆ ಎಂಥ ಗಾಯವೂ ಮುಚ್ಚುತ್ತದೆ ಎಂಬ ನಂಬಿಕೆ ಉಂಟು. ಹೊಡೆದವನೇ ಹೊದಿಸಿದರೆ ಇನ್ನೂ ಶ್ರೇಷ್ಠ.

"ಪೈಪು ತಂದವನ ಕೈಯಲ್ಲಿ ಸ್ಮರಣಿಕೆ ಕೊಡಿಸ್ತೀರಾ ಹಾಗಾದ್ರೆ?" ಎಂದೆ.

ಉದಯಣ್ಣ ನನ್ನ ಕಡೆ ನೋಡದೆ ಹೆಡ್‌ಮಾಸ್ತರರಿಗೆ ಹೇಳಿದರು. "ಹಾಕಿದ್ರೆ ಅವರಿಗೇ ನಷ್ಟ ಮಾರಾಯ್ರೆ. ತೀರ್ಪು ತಪ್ಪು ಅಂತ ಇಡೀ ಊರು ಹೇಳ್ತಾ ಉಂಟು. ಯಾವ ಮೈದಾನಕ್ಕೂ ಇನ್ನು ಕರೀಲಿಕ್ಕಿಲ್ಲ. ಹಾಕದಿದ್ರೆ ಬರುವ ಸೀಸನ್ನಿಗೂ ಅವರೇ, ನಾನು ಮಾತು ಕೊಡ್ತೇನೆ."

ಅವರು ಹೋದ ಮೇಲೆ ನನಗೆ ಉಪಾಯ ಹೊಳೆಯಿತು. ತೀರ್ಪು ಸರಿ ಎಂದು ತೋರಿಸಿಬಿಟ್ಟರೆ? ಮಿದ್ಲಾಜನ ಕ್ಯಾಮೆರಾದಲ್ಲಿ ಎಲ್ಲ ಉಂಟು. ನಿಧಾನ ಮಾಡಿ ನೋಡಿದರೆ ಇಡೀ ಊರಿನ ಬಾಯಿ ಮುಚ್ಚಿಸಬಹುದು. ನಾನೇ ಮೊದಲು ನೋಡುವ ತಾಳ್ಮೆ ಇಲ್ಲದೆ, ಲ್ಯಾಪ್‌ಟಾಪ್ ಹಿಡಿದುಕೊಂಡು ಮಕ್ಕಳ ಜೊತೆ ನೇರ ಅವರ ಮನೆಗೆ ಹೋದೆ.

ಮೇದಪ್ಪಣ್ಣ ಬೆಂಚಿನ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ಮುಖ ಊದಿ ಒಂದು ಕಣ್ಣು ಮಾತ್ರ ತೆರೆದಿತ್ತು. ಆ ದಿನಗಳಲ್ಲಿ ಟ್ಯಾಪಿಂಗ್ ಎಲ್ಲ ದುಗ್ಗಮ್ಮನ ಮೇಲೆಯೇ. ಅವರೂ ಕತ್ತಿ ಕೆಳಗಿಟ್ಟು ಬಂದು ನಿಂತರು.

ಮಿದ್ಲಾಜ್ ನಿಧಾನವಾಗಿ ಓಡಿಸಿದ. ದಿಶಾಂತ್ ಬೀಳುತ್ತಾನೆ. ಮೂರನೆಯವನು ಬೆನ್ನ ಮೇಲೆ ಬರುತ್ತಾನೆ. ದಿಶಾಂತನ ಗದ್ದ ಎದೆಗೆ ಒತ್ತಿ ಕುತ್ತಿಗೆ ಬಿಲ್ಲಾಗುತ್ತದೆ. ಅದೇ ಹೊತ್ತಿಗೆ ಅವನ ಎಡಗೈ ರಾಶಿಯ ಅಡಿಯಿಂದ ಹೊರಗೆ ಬಂದು ಗೆರೆಯನ್ನು ಮುಟ್ಟುತ್ತದೆ. ಆಮೇಲೆ ವಿಸಿಲ್.

ಮಿದ್ಲಾಜ್ ಕೇಳದೆಯೇ ಮತ್ತೊಮ್ಮೆ ಓಡಿಸಿದ. ಮತ್ತೂ ಅದೇ. ಮೊದಲು ಬೆರಳು, ಆಮೇಲೆ ವಿಸಿಲ್.

ಸಾಕ್ಷಿ ಎಂದು ಹೊತ್ತು ತಂದದ್ದು ಅವರ ವಿರುದ್ಧವೇ ನಿಂತಿತ್ತು. ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದೆ.

"ಇರಲಿ, ಇರಲಿ," ಎಂದರು ಮೇದಪ್ಪಣ್ಣ. ಹಲ್ಲಿಲ್ಲದ ಬಾಯಲ್ಲಿ ಮಾತು ಸೋರುತ್ತಿತ್ತು. "ನಾನು ಕೈ ನೋಡ್ಲೇ ಇಲ್ಲ ಟೀಚರ್. ಕುತ್ತಿಗೆ ನೋಡಿದೆ, ಊದಿದೆ. ಊದಿದ್ದು ತಪ್ಪಲ್ಲ. ನೋಡದ್ದಕ್ಕೆ ಔಟ್ ಕೊಟ್ಟದ್ದು ತಪ್ಪು. ಲೈನಿನವನನ್ನು ಕರೆದು ಕೇಳ್ಬೇಕಿತ್ತು. ಮರ್ಯಾದೆ ಹೋಗ್ತದೆ ಅಂತ ಕೇಳ್ಲಿಲ್ಲ. ನಾಟ್ ಔಟ್ ಅದು. ಆ ಹುಡುಗರು ಗೆದ್ದಿದ್ರು."

"ಗೆದ್ದಿದ್ರೆ?" ದುಗ್ಗಮ್ಮನ ಸ್ವರ ಏರಿತು. "ಅದಕ್ಕೆ ಮನುಷ್ಯನನ್ನು ಹೀಗೆ ಮಾಡುದಾ? ಇವರು ತಪ್ಪಿದ್ರೆ ಅವರು ಸರಿಯಾ?"

"ಎರಡೂ ಹಾಕಿ," ಎಂದು ಮೇದಪ್ಪಣ್ಣ ಮಿದ್ಲಾಜನ ಕಡೆ ತಿರುಗಿದರು. "ನನ್ನ ತಪ್ಪೂ ಹಾಕು, ಅವರು ಹೊಡೆದದ್ದೂ ಹಾಕು. ಆ ಹುಡುಗ ದಿಶಾಂತನ ಮುಖ ಮುಚ್ಚು, ಕೆಲಸಕ್ಕೆ ತೊಂದರೆ ಬೇಡ. ಎಲ್ಲರದ್ದೂ ಮುಚ್ಚು. ನನ್ನದು ಮುಚ್ಚಬೇಡ."

"ಆಮೇಲೆ ನಿಮ್ಮನ್ನು ಯಾರೂ ಕರೀಲಿಕ್ಕಿಲ್ಲ ಮೇದಪ್ಪಣ್ಣ," ಎಂದೆ. "ಹಾಕದಿದ್ರೆ ಕರೀತಾರೆ ಅಂತ ಉದಯಣ್ಣ ಮಾತು ಕೊಟ್ಟಿದ್ದಾರೆ. ಈ ಕ್ಲಿಪ್ಪು ನಾವು ಐದು ಜನ ಬಿಟ್ಟು ಯಾರೂ ನೋಡ್ಲಿಲ್ಲ."

ಅವರ ತೆರೆದಿದ್ದ ಕಣ್ಣಿನಲ್ಲಿ ನೀರಿತ್ತು. ನೋವಿಗೋ ಬೇರೆಯದಕ್ಕೋ ನಾನು ಕೇಳಲಿಲ್ಲ.

"ದುಡ್ಡು ತಿಂದು ಕೊಟ್ಟದ್ದು ಅಂತ ಹೇಳ್ತಿದ್ದಾರಲ್ಲ, ಅದು ಕೇಳ್ಲಿಕ್ಕಾಗುದಿಲ್ಲ. ತಪ್ಪಿ ಕೊಟ್ಟದ್ದು ಅಂತ ಮಕ್ಕಳಿಗೆ ಗೊತ್ತಾಗ್ಲಿ. ಹಾಕಿ."

ಹಾಕುವುದೆಂದಾಯಿತು. ವೆಬ್‌ಸೈಟಿನ ಖರ್ಚಿನ ಮಾತನ್ನು ಉದಯಣ್ಣ ಆಮೇಲೆ ಎತ್ತಲಿಲ್ಲ. ಮಿದ್ಲಾಜ್ ಪುಕ್ಕಟೆ ಸಿಗುವ ಜಾಗದಲ್ಲೇ ಕಟ್ಟಿದ. ಹೆಡ್‌ಮಾಸ್ತರರು ಒಂದು ವಾರ ನನ್ನ ಜೊತೆ ಮಾತು ಬಿಟ್ಟು, ಮತ್ತೆ ತಾವಾಗಿಯೇ ಬಂದು, ಹೊರಗೆ ಬಿಡುವ ಮೊದಲು ಸಣ್ಣ ಮಕ್ಕಳಿಗೆ ತೋರಿಸಿ ನೋಡಿ ಎಂದರು. ಅದು ನಮ್ಮ ಯೋಜನೆಯಲ್ಲೂ ಇತ್ತು. ನಮ್ಮ ಕಾಂಪೌಂಡಿನಲ್ಲೇ ಇರುವ ಏಳನೆಯ ತರಗತಿಯಲ್ಲಿ ಮೊದಲ ಪರೀಕ್ಷೆ ಇಟ್ಟೆವು. ಮೇದಪ್ಪಣ್ಣ ಪ್ಲಾಸ್ಟರಿನ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ನೇತುಹಾಕಿಕೊಂಡು ಬಂದು ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತರು. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ವಿಸಿಲ್ ಇತ್ತು. ಆಮೇಲೆ ಮಕ್ಕಳಿಗೆ ಸಂಜ್ಞೆಗಳನ್ನು ಕಲಿಸಿಕೊಡುವುದೆಂದು ಮಾತಾಗಿತ್ತು. ಊತ ಇಳಿದಿದ್ದರಿಂದ, ಪರದೆಯ ಮನುಷ್ಯ ಇವರೇ ಎಂದು ಮಕ್ಕಳಿಗೆ ಮೊದಲು ಗೊತ್ತಾಗಲಿಲ್ಲ.

ರೈಡ್ ಓಡಿತು, ನಿಂತಿತು. ತೀರ್ಪು ನೀವೇ ಕೊಡಿ. ಮಕ್ಕಳಿಗೆ ಹುಮ್ಮಸ್ಸೋ ಹುಮ್ಮಸ್ಸು. ಬೆಂಚು ಹತ್ತಿ ನಾಟ್ ಔಟ್ ಎಂದು ಕೂಗಿದರು. ಯಶಸ್ವಿ ಗುಂಡಿ ಒತ್ತಿದಳು. ಪರದೆಯ ಮೇಲೆ ಬಂತು: ಸರಿಯುತ್ತರ. ನಾಟ್ ಔಟ್. ತೀರ್ಪುಗಾರರದ್ದು ತಪ್ಪು. ತರಗತಿ ಚಪ್ಪಾಳೆಯಲ್ಲಿ ಮುಳುಗಿತು.

ಆ ಚಪ್ಪಾಳೆ ನಿಲ್ಲುವ ಮೊದಲೇ ಮುಂದಿನ ದೃಶ್ಯ ಶುರುವಾಯಿತು. ಜನ ಒಳಗೆ ನುಗ್ಗಿದರು. ತಲೆಗೆ ಏಟು ಬಿತ್ತು. ಒಬ್ಬ ಹುಡುಗ "ಹಾಕು" ಎಂದ. ಕುರ್ಚಿ ಬೀಸಿದಾಗ ಇನ್ನಿಬ್ಬರು ಸೇರಿದರು. ಪೈಪು ಬಂತು. "ಹಾಕು ಅವನಿಗೆ, ಹಾಕು, ಹಾಕು." ಇಡೀ ತರಗತಿ ತಾಳ ಹಾಕಿ ಹೇಳುತ್ತಿತ್ತು. ಹುಡುಗಿಯರೂ ಹೇಳುತ್ತಿದ್ದರು. ಮಣಿಕಟ್ಟು ಮುರಿದಾಗ ಮೊದಲು ಶುರುಮಾಡಿದ ಹುಡುಗ ಡೆಸ್ಕಿನ ಮೇಲೆ ಕುಣಿದು ಕೇಕೆ ಹಾಕಿದ.

ಅವನು ಮೇದಪ್ಪಣ್ಣನ ಬಲಗಡೆ ಇದ್ದ. ಅವರಿಗೆ ಚೆನ್ನಾಗಿ ಕೇಳಿಸುವ ಕಡೆ.

ಆ ಹುಡುಗನ ಕಾಲರ್ ಹಿಡಿದು ಡೆಸ್ಕಿನಿಂದ ಕೆಳಕ್ಕೆ ಎಳೆದೆ. ಅವನ ತಲೆ ಡೆಸ್ಕಿನ ಅಂಚಿಗೆ ತಾಗಿತು. ತಾಗಿದ್ದು ನನಗೆ ಗೊತ್ತಾಯಿತು, ಆದರೂ ನಿಲ್ಲಲಿಲ್ಲ. ಕೈ ಎತ್ತಿದೆ, ಬಿಗಿಯಾಗಿ, ಕೆನ್ನೆಯನ್ನೇ ಗುರಿ ಮಾಡಿ. ಅವನ ಒಂದು ಹಲ್ಲು ಹೋದರೂ ಹೋಗಲಿ ಎಂದು ಆ ಕ್ಷಣ ನನಗೆ ಅನ್ನಿಸಿದ್ದು ನಿಜ.

ಮುಚ್ಚಿದ ಕೋಣೆಯಲ್ಲಿ ವಿಸಿಲ್ ಕಿವಿ ಸೀಳುವ ಹಾಗೆ ಕೂಗಿತು. ನನ್ನ ಕೈ ಎತ್ತಿದಲ್ಲೇ ನಿಂತಿತು. ಮಕ್ಕಳೆಲ್ಲ ಹಿಂದಕ್ಕೆ ತಿರುಗಿದರು. ಪರದೆಯಲ್ಲಿ ತುಳಿಸಿಕೊಂಡ ಮುಖವೇ ಹಿಂದಿನ ಸಾಲಿನಲ್ಲಿ ನಿಂತಿರುವುದನ್ನು ಆಗ ಕಂಡರು.

"ಟೀಚರ್, ಕೈ ಕೆಳಗೆ ಮಾಡಿ," ಎಂದರು ಮೇದಪ್ಪಣ್ಣ. "ನಾನು ತಪ್ಪು ಮಾಡಿದೆ, ನನಗೆ ಹೊಡೆದ್ರು. ಈ ಹುಡುಗ ತಪ್ಪು ಮಾಡಿದ, ನೀವು ಹೊಡೀತೀರಿ. ಆಮೇಲೆ ಇವ ಯಾರಿಗೆ?"

ನಾನು ಕೈ ಇಳಿಸಿದೆ. ಹುಡುಗ ಅಳುತ್ತಿದ್ದ, ಹಣೆಯಲ್ಲಿ ಬುಗುಟು ಎದ್ದಿತ್ತು. ನನಗೂ ಅಳು ಬಂತು, ಮಕ್ಕಳ ಎದುರೇ ಅತ್ತೆ. ಮೇದಪ್ಪಣ್ಣ ಬಂದು ಎಡಗೈಯಲ್ಲಿ ಹುಡುಗನ ಹಣೆ ತಿಕ್ಕಿದರು. ಅವನು ಅವರ ಜೋಳಿಗೆಯ ಕೈಯನ್ನು ನೋಡಲಾರದೆ ನೆಲ ನೋಡುತ್ತಿದ್ದ.

ಮಕ್ಕಳು ಹೋದ ಮೇಲೆ ನಾವು ನಾಲ್ವರೇ ಉಳಿದೆವು. ಯಶಸ್ವಿಯ ಮುಖ ಬಿಳುಚಿಕೊಂಡಿತ್ತು.

"ನನ್ನದೇ ತಪ್ಪು ಟೀಚರ್. ಗುಂಡಿ ಒತ್ತಿಸಿ ಅವರನ್ನೆಲ್ಲ ಜಡ್ಜ್ ಮಾಡಿದ್ದು ನಾನು. ಮಾವನದ್ದು ತಪ್ಪು ಅಂತ ಬರೆದದ್ದೂ ನಾನು. ಅದಕ್ಕೇ ಹೊಡೀಲಿ ಅಂತ ಅವರಿಗೆ ಅನ್ನಿಸಿದ್ದು. ಇದು ಇಡೀ ತೆಗೆಯುವ."

"ತೆಗೀಬೇಡ," ಎಂದರು ಮೇದಪ್ಪಣ್ಣ. ಮಕ್ಕಳ 'ಹಾಕು' ಅವರನ್ನು ಎಷ್ಟು ಇರಿದಿತ್ತೆಂದು ಅವರ ಸ್ವರದಲ್ಲಿ ಗೊತ್ತಾಗುತ್ತಿತ್ತು. ನೀರು ಕೇಳಿ ಕುಡಿದರು. "ಹಿಂದುಮುಂದು ಮಾಡು. ಮೊದಲು ಹೊಡೆದದ್ದು ತೋರಿಸು. ಯಾರು, ಯಾಕೆ, ಎಂತದ್ದೂ ಹೇಳ್ಬೇಡ. ತಪ್ಪು ಯಾರದ್ದು ಅಂತ ಆಮೇಲೆ ಕೇಳು."

ಮಿದ್ಲಾಜ್ ಆಗಲೇ ಲ್ಯಾಪ್‌ಟಾಪ್ ತೆರೆದಿದ್ದ.

ಮಾರನೆಯ ವಾರ ಆರನೆಯ ತರಗತಿ. ಅಷ್ಟರಲ್ಲಿ ಸುದ್ದಿ ಹಬ್ಬಿ, ಮೇದಪ್ಪಣ್ಣನನ್ನು ಕರೆದಿದ್ದ ಎರಡು ಸಮಿತಿಗಳು ಫೋನ್ ಮಾಡಿ ಬೇಡ ಎಂದಿದ್ದವು. ಸೀಸನ್ ಮುಗಿಯುವವರೆಗೆ ಮತ್ತೆ ಯಾರೂ ಕರೆಯಲಿಲ್ಲ. ಬಿಳಿ ಅಂಗಿಯ ಕಲೆ ಹೋಗದ್ದರಿಂದ ದುಗ್ಗಮ್ಮ ಅದನ್ನು ಟ್ಯಾಪಿಂಗಿಗೆ ಹೋಗುವಾಗ ತಾವೇ ಹಾಕಿಕೊಳ್ಳುತ್ತಿದ್ದರು. ಈ ಸಲ ಮೇದಪ್ಪಣ್ಣ ಹಿಂದೆ ಕೂರದೆ ಮಕ್ಕಳ ನಡುವಿನ ಬೆಂಚಿನಲ್ಲೇ ಕುಳಿತರು.

ಪರದೆಯ ಮೇಲೆ ಒಬ್ಬ ಮನುಷ್ಯ ಮಂಡಿಯೂರಿದ. ಯಾರೋ ಓಡಿ ಬಂದು ಒದ್ದರು. ಕುರ್ಚಿ ಬಂತು, ಪೈಪು ಬಂತು. ತರಗತಿಯಲ್ಲಿ ಸದ್ದಿಲ್ಲ. ಮುಂದಿನ ಸಾಲಿನ ಹುಡುಗಿ ಮುಖ ಮುಚ್ಚಿಕೊಂಡಳು. ಒಬ್ಬ ಹುಡುಗ "ಯಾಕೆ ಟೀಚರ್? ಅವರು ಎಂತ ಮಾಡಿದ್ರು?" ಎಂದು ಮೆಲ್ಲಗೆ ಕೇಳಿದ. ಆಮೇಲೆ ರೈಡ್ ಬಂತು, ಬಾಗಿದ ಕುತ್ತಿಗೆ ಬಂತು, ಗೆರೆ ಮುಟ್ಟಿದ ಬೆರಳು ಬಂತು, ವಿಸಿಲ್ ಬಂತು. ಔಟ್ ಎಂದು ಎತ್ತಿದ ಕೈಯಲ್ಲಿ ಚಿತ್ರ ನಿಂತಿತು. ತೀರ್ಪು ನೀವೇ ಕೊಡಿ.

ಯಾರೂ ಕೈ ಎತ್ತಲಿಲ್ಲ. ಬೆರಳು ಗೆರೆ ಮುಟ್ಟಿದ್ದನ್ನು ಎಲ್ಲರೂ ನೋಡಿದ್ದರು. ಹೇಳಿದರೆ ಆ ಮನುಷ್ಯನಿಗೆ ಇನ್ನೊಂದು ಪೆಟ್ಟು ಬೀಳುತ್ತದೋ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಶಸ್ವಿ ನನ್ನ ಕಡೆ ನೋಡಿದಳು. ನಾನು ನಡುವಿನ ಬೆಂಚಿನ ಕಡೆ ನೋಡಿದೆ.

ನಡುವಿನ ಬೆಂಚಿನಿಂದ ಮೇದಪ್ಪಣ್ಣನ ಎ‌ಡಗೈ ಮೇಲಕ್ಕೆ ಹೋಯಿತು.

"ನಾಟ್ ಔಟ್," ಎಂದರು.

ಅವರ ಪಕ್ಕದಲ್ಲಿದ್ದ ಹುಡುಗಿ ಅವರ ಮುಖವನ್ನು ನೋಡಿದಳು, ಪರದೆಯನ್ನು ನೋಡಿದಳು, ತನ್ನ ಕೈಯನ್ನೂ ಎತ್ತಿದಳು. ಆಮೇಲೆ ಒಂದೊಂದಾಗಿ ಉಳಿದವರ ಕೈಗಳು ಎದ್ದವು. ಯಾರೂ ಚಪ್ಪಾಳೆ ತಟ್ಟಲಿಲ್ಲ.